ಮುಸುರಿ ತಿನ್ನುವ ಸಿಂಕು

ಮಾನ್ವಿ

ನ್ಯೂಜಿಲೆಂಡಿಗೆ ಹೋಗಿ ಬಂದೆಯಲ್ಲ, ಏನೇನು ನೋಡಿದೆ ಎಂದು ನಮ್ಮ ಓಣಿಯವರು ಇನ್ನೂ ಕೇಳುತ್ತಾರೆ. ಸಮುದ್ರ ನೋಡಿದೆಯಾ, ಹಿಮದ ಗುಡ್ಡ ನೋಡಿದೆಯಾ ಅನ್ನುತ್ತಾರೆ. ಸಮುದ್ರ ವಿಮಾನದ ಕಿಟಕಿಯಿಂದ ಕಂಡಿತು. ಗುಡ್ಡ ದೂರ ಇತ್ತಂತೆ, ಹೋಗಲಿಲ್ಲ. ನಾನು ಹೆಚ್ಚಾಗಿ ನೋಡಿದ್ದು ಒಂದು ಸಿಂಕು. ಪಾತ್ರೆ ತೊಳೆಯುವ ಸಿಂಕು. ಅದನ್ನೇ ಬರೆಯುತ್ತೇನೆ.

ಹೋದದ್ದು ಬಾಣಂತನಕ್ಕೆ. ಮೊಮ್ಮಗಳು ಸುಜಾತಾ ರಾಯಚೂರಿನಲ್ಲಿ ನರ್ಸಿಂಗ್ ಓದಿದಳು. ಈಗ ಆ ದೇಶದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ, ವಯಸ್ಸಾದವರನ್ನು ಇಟ್ಟುಕೊಳ್ಳುವ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಮಲ್ಲಪ್ಪ ಅದೇ ಊರಿನಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ದೇವದುರ್ಗದ ಹುಡುಗ, ನಮ್ಮ ಬಳಗದವನೇ, ಸಣ್ಣವನಿದ್ದಾಗ ರಜೆಗೆ ನಮ್ಮ ಮನೆಗೆ ಬರುತ್ತಿದ್ದ. ಚಡ್ಡಿ ಹಾಕುವ ಕಾಲದಿಂದ ಅವನನ್ನು ನೋಡಿದವಳು ನಾನು, ಅದಕ್ಕೆ ಅಳಿಯ ಎಂದು ಬಹುವಚನ ಹಚ್ಚುವುದಿಲ್ಲ.

ನಿಜವಾಗಿ ಹೋಗಬೇಕಾದವಳು ನನ್ನ ಮಗಳು ಶಾಂತಾ, ಸುಜಾತಾಳ ತಾಯಿ. ಅವಳು ದೇವದುರ್ಗದಲ್ಲಿ ಅಂಗನವಾಡಿ ನಡೆಸುತ್ತಾಳೆ. ಅಷ್ಟು ದಿನ ರಜೆ ಕೊಡಲಿಲ್ಲ. ಮಾನ್ವಿಗೆ ಬಂದು ನನ್ನ ಮುಂದೆ ಕೂತಳು.

“ಯವ್ವಾ, ನೀನಾ ಹೋಗು.”

“ಎಮ್ಮಿ ಯಾರು ನೋಡ್ತಾರ?”

“ಬಾಜೂ ಮನಿ ಹುಲಿಗೆಮ್ಮ ನೋಡ್ತಾಳ.”

“ಹುಲಿಗೆಮ್ಮಗ ಹಿಂಡಾಕ ಬರ್ತದ, ನೋಡಾಕ ಬರಂಗಿಲ್ಲ.”

“ಹಂಗಾದ್ರ ಎಮ್ಮಿನೂ ಕರ್ಕೊಂಡು ಹೋಗು.”

ಅದು ಆಗುವ ಮಾತಲ್ಲ. ಎಮ್ಮೆ ಹುಲಿಗೆಮ್ಮನಿಗೆ ಬಿಟ್ಟೆ.

ಎಮ್ಮೆ ಮಾತು ಬಂತು, ಮುಸುರಿ ಬಗ್ಗೆಯೂ ಹೇಳಿಬಿಡುತ್ತೇನೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಕಾಯಿಪಲ್ಯದ ಸಿಪ್ಪೆ, ತಟ್ಟೆಯಲ್ಲಿ ಉಳಿದದ್ದು, ಇದೆಲ್ಲ ಕೂಡಿದರೆ ನಮ್ಮ ಕಡೆ ಮುಸುರಿ. ಓಣಿಯ ಐದಾರು ಮನೆಯವರು ಬಾಗಿಲಲ್ಲಿ ಬಕೀಟಿನಲ್ಲಿ ಇಟ್ಟಿರುತ್ತಾರೆ. ನಾನು ಹೊತ್ತು ತಂದು, ಒಂದಿಷ್ಟು ತೌಡು ಕಲಸಿ, ಮುಂಜಾನೆ ಒಮ್ಮೆ ಸಂಜೆ ಒಮ್ಮೆ ಎಮ್ಮೆಯ ಮುಂದೆ ಇಡುತ್ತೇನೆ. ಅದು ಮುಖ ಅದ್ದಿ ತಿನ್ನುತ್ತದೆ. ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ ಇದೇ. ಮುಸುರಿ ನೋಡಿ ಮನೆಯ ಸುದ್ದಿ ಹೇಳಬಲ್ಲೆ. ಯಾರ ಮನೆಗೆ ಬೀಗರು ಬಂದಿದ್ದರು, ಯಾರ ಮನೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡು ಉಣ್ಣದೆ ಮಲಗಿದರು, ಎಲ್ಲ ಬಕೀಟಿನಲ್ಲಿ ಇರುತ್ತದೆ.

ನಮ್ಮ ಮನೆಯ ತಟ್ಟೆಯಿಂದ ಮಾತ್ರ ಅದಕ್ಕೆ ಏನೂ ಬೀಳುವುದಿಲ್ಲ. ನಮ್ಮದು ಶರಣರ ಪದ್ಧತಿ. ಊಟ ಅಂದರೆ ಪ್ರಸಾದ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರು ಕುಡಿದು ಏಳುತ್ತೇವೆ. ಓಣಿಯಲ್ಲಿ ಎಲ್ಲರೂ ಹಾಗೆ ಮಾಡುವುದಿಲ್ಲ. ಮಾಡಿದ್ದರೆ ನನ್ನ ಎಮ್ಮೆ ಸೊರಗುತ್ತಿತ್ತು.

ಆಕ್ಲಂಡ್ ವಿಮಾನ ನಿಲ್ದಾಣ

ರಾಯಚೂರಿನಿಂದ ಹೈದರಾಬಾದ್, ಅಲ್ಲಿಂದ ಸಿಂಗಾಪುರ, ಅಲ್ಲಿಂದ ಆಕ್ಲಂಡ್. ವಿಮಾನದಲ್ಲಿ ಕೂರುವುದು, ಉಣ್ಣುವುದು, ಮತ್ತೆ ಕೂರುವುದು. ಬಾಣಂತಿ ಕೂಡ ಅಷ್ಟು ಕೂರುವುದಿಲ್ಲ.

ಇಳಿಯುವ ಮೊದಲು ಒಂದು ಕಾಗದ ಕೊಟ್ಟರು. ಪಕ್ಕದ ಸೀಟಿನ ಹೈದರಾಬಾದಿನ ಹುಡುಗಿ ಓದಿ ಹೇಳಿದಳು. ಈಚೆಗೆ ದನಕರುಗಳ ಹತ್ತಿರ ಹೋಗಿದ್ದೀರಾ ಎಂದು ಅದರಲ್ಲಿ ಕೇಳಿತ್ತು. ಹೋಗಿದ್ದೇನೆ ಅಂದೆ. ಇಲ್ಲ ಅಂತ ಬರೆದರೆ ಬೇಗ ಬಿಡುತ್ತಾರೆ ಅಜ್ಜಿ ಅಂದಳು. ಹಿಂಡಿ ಬಂದವಳು ಇಲ್ಲ ಅಂತ ಹೆಂಗ ಬರೆಸಲಿ ಅಂದೆ. ಹೌದು ಅಂತಲೇ ಬರೆದಳು.

ಅಲ್ಲಿ ಒಬ್ಬ ಅಧಿಕಾರಿ ನನ್ನನ್ನು ಒಂದು ಬದಿಗೆ ಕರೆದ. ಚಪ್ಪಲಿ ತೆಗೆಯಲು ಕೈಸನ್ನೆ ಮಾಡಿದ. ಕೈಗೆ ರಬ್ಬರ್ ಚೀಲ ಹಾಕಿಕೊಂಡು ಚಪ್ಪಲಿ ತಿರುಗಿಸಿ ಅಂಗಾಲು ನೋಡಿದ. ಅಲ್ಲಿ ನಮ್ಮ ಕೊಟ್ಟಿಗೆಯ ಸಗಣಿ ಒಂದಿಷ್ಟು ಇತ್ತು. ಚಪ್ಪಲಿ ಒಳಗೆ ಒಯ್ದ. ಹೋಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತೊಳೆದು, ಒರೆಸಿ, ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟ. ಮದುವೆಯಲ್ಲಿ ಕೂಡ ನನ್ನ ಚಪ್ಪಲಿಯನ್ನು ಯಾರೂ ಹಾಗೆ ತಂದಿಟ್ಟಿರಲಿಲ್ಲ.

ಆಮೇಲೆ ಚೀಲ ಬಿಚ್ಚಿಸಿದ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಸದ್ದು ಬಂತು. ಬಿಟ್ಟ. ಶೇಂಗಾ ಚಟ್ನಿ ಮೂಸಿ ಕೆಮ್ಮಿದ. ಅದನ್ನೂ ಬಿಟ್ಟ. ಬಾಣಂತಿಗೆಂದು ಕಟ್ಟಿದ್ದ ಅಂಟಿನ ಉಂಡಿಯ ಡಬ್ಬಿ ಮಾತ್ರ ಬಿಡಲಿಲ್ಲ. ಮನೆಯ ತುಪ್ಪ ಹಾಕಿ ಕಟ್ಟಿದ್ದು. ತುಪ್ಪದ ಹಾಲು ಯಾವ ಎಮ್ಮೆಯದು, ಆ ಎಮ್ಮೆಗೆ ಯಾವ ರೋಗ ಎಂದು ಅವರಿಗೆ ಚಿಂತೆಯಂತೆ. ಡಬ್ಬಿಯನ್ನು ಕಸದ ಡಬ್ಬಕ್ಕೆ ಬಗ್ಗಿಸಿದ.

“ಬಿಸಾಡಬ್ಯಾಡಪಾ, ನೀನಾ ತಿನ್ನು. ಸೊಂಟಕ್ಕ ಚಲೋ” ಅಂದೆ.

ಅವನಿಗೆ ತಿಳಿಯಲಿಲ್ಲ. ಹೊರಗೆ ಕಾಯುತ್ತಿದ್ದ ಮಲ್ಲಪ್ಪನಿಗೆ ಹೇಳಿದೆ.

“ಪುಣ್ಯ ಅಜ್ಜಿ, ದಂಡ ಹಾಕಲಿಲ್ಲ” ಅಂದ.

“ಉಂಡಿ ತಂದಿದ್ದಕ್ಕ ದಂಡ?”

“ಇಲ್ಲಿ ಹಂಗಾ.”

ಹ್ಯಾಮಿಲ್ಟನ್ ಕಡೆಗೆ ಹೋಗುವಾಗ ದಾರಿಯಲ್ಲಿ ಒಂದು ದೊಡ್ಡ ಅಂಗಡಿಗೆ ನಿಲ್ಲಿಸಿದ. ಕಾರುಗಳಲ್ಲಿ ಬಂದ ಗಂಡಸರು, ಹೆಂಗಸರು, ಹುಡುಗರು ಬರಿಗಾಲಲ್ಲಿ ಒಳಗೆ ಹೋಗಿ ಹಾಲು, ಬ್ರೆಡ್ಡು ತರುತ್ತಿದ್ದರು. ಅವರ ಕಾಲನ್ನು ಯಾರೂ ನೋಡಲಿಲ್ಲ.

ಮೇಲಿನ ಮನೆ

ಸುಜಾತಾಳದು ಬಾಡಿಗೆ ಮನೆ, ಮರದ್ದು, ಮೇಲಿನ ಅಂತಸ್ತು. ಕೆಳಗೆ ಮನೆಯ ಒಡತಿ ಇರುತ್ತಾಳೆ. ಹೆಸರು ಜೋನ್. ಬಿಳಿ ಕೂದಲಿನ ಮುದುಕಿ, ಒಬ್ಬಳೇ. ಬಟ್ಟೆ ಒಣಹಾಕುವಾಗ ಕಾಲುಚೀಲಗಳನ್ನು ಜೋಡಿ ಮಾಡಿ ಸಿಕ್ಕಿಸುತ್ತಾಳೆ. ಬೇಲಿಯ ಗಿಡಕ್ಕೆ ಕತ್ತರಿ ಹಾಕಿ ಗೋಡೆಯ ಹಾಗೆ ಮಾಡಿದ್ದಾಳೆ. ಬಂದ ದಿನ ನನ್ನ ಕೈ ಹಿಡಿದು ಅಲುಗಿಸಿ ಏನೋ ಹೇಳಿದಳು. ಏನಂದಳು ಎಂದು ಸುಜಾತಾಳನ್ನು ಕೇಳಿದೆ. ಮಳೆ ಬರಬಹುದು ಅಂದಳಂತೆ.

ಆ ಮನೆಯ ಕರಾರು ಅದೇ ತಿಂಗಳು ಮುಗಿಯುತ್ತಿತ್ತು. ಇನ್ನೊಂದು ವರ್ಷ ಕೊಡುತ್ತೀಯಾ ಎಂದು ಮಲ್ಲಪ್ಪ ಕೇಳಿದ್ದ. ನೋಡಿ ಹೇಳುತ್ತೇನೆ ಅಂದಿದ್ದಳು ಜೋನ್. ಇನ್ನೂ ನೋಡುತ್ತಲೇ ಇದ್ದಳು. ಸುಜಾತಾಳಿಗೆ ದಿನ ತುಂಬುತ್ತಾ ಬಂದಿತ್ತು. ಆಸ್ಪತ್ರೆ ಹತ್ತಿರ, ಬಸ್ಸಿನ ಡಿಪೋ ಹತ್ತಿರ, ಅಂಥ ಮನೆ ಮತ್ತೆ ಸಿಗುವುದಿಲ್ಲ ಎಂದು ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು. ಮೆಲ್ಲಗೆ ಯಾಕೆ ಅಂದರೆ ನೆಲ ಮರದ್ದು, ಕೆಳಗೆ ಕೇಳುತ್ತದೆ.

ಸುಜಾತಾ ಸಿಂಕು ತೋರಿಸಿದ್ದು ನಾನು ಬಂದ ಮರುದಿನ. ಬದನೆಕಾಯಿ ತೊಟ್ಟು ಹಿಡಿದುಕೊಂಡು ಎಲ್ಲಿ ಹಾಕಲಿ ಎಂದು ನಿಂತಿದ್ದೆ.

“ಇಲ್ಲಿ ಹಾಕು ಅಜ್ಜಿ” ಎಂದು ಸಿಂಕಿನ ತೂತು ತೋರಿಸಿದಳು.

“ಬಚ್ಚಲದಾಗಾ? ಕಟ್ಕೊಂತದ.”

“ಕಟ್ಟಂಗಿಲ್ಲ. ಕೆಳಗ ಮಷಿನ್ ಅದ, ನುರಿಸ್ತದ. ಮೊದಲು ತಣ್ಣೀರು ಬಿಡಬೇಕು. ಆಮ್ಯಾಲ ಗ್ವಾಡಿ ಮ್ಯಾಲಿನ ಸ್ವಿಚ್. ಆಮ್ಯಾಲ ಸ್ವಲ್ಪ ಸ್ವಲ್ಪ ಹಾಕಬೇಕು. ಸದ್ದು ಹಗುರಾತು ಅಂದ್ರ ನುರೀತು ಅಂತ. ಸ್ವಿಚ್ ತೆಗದ ಮ್ಯಾಲೂ ನೀರು ಸ್ವಲ್ಪ ಹರೀಲಿ.”

“ಬಿಸಿನೀರು ಬಿಟ್ರ ಜಲ್ದಿ ಹೋಗ್ತದಲ್ಲ.”

“ಬ್ಯಾಡ. ಬಿಸಿನೀರಿಗಿ ಜಿಡ್ಡು ಕರಗಿ ಮುಂದ ಪೈಪಿನಾಗ ಹೋಗಿ ಗಟ್ಟಿ ಆಗ್ತದ. ಎಲುಬು ಹಾಕಬಾರ್ದು.”

“ನಮ್ಮ ಮನ್ಯಾಗ ಎಲುಬು ಎಲ್ಲಿಂದ ಬರ್ತಾವ?”

“ತುಪ್ಪ ಎಣ್ಣಿ ಸುರೀಬಾರ್ದು.”

“ತುಪ್ಪ ಸುರಿಯಾಕ ನನಗೇನು ಹುಚ್ಚು ಹಿಡದದ?”

“ಕೈಯಂತೂ ಹಾಕಲೇಬಾರ್ದು.”

“ಎಲ್ಲಾ ಎಲ್ಲಿಗಿ ಹೋಗ್ತದ ಇದು?”

“ಪೈಪಿನಾಗ ಹೋಗಿ ಊರಿನ ದೊಡ್ಡ ಪೈಪಿಗಿ ಸೇರ್ತದ.”

“ಅಲ್ಲಿಂದ?”

“ಅಜ್ಜಿ, ನನಗ ಡ್ಯೂಟಿಗಿ ಹೊತ್ತಾತು.”

ಅನ್ನದ ಬಗ್ಗೆ ಅವಳು ಏನೂ ಹೇಳಲಿಲ್ಲ. ಅವರಿಬ್ಬರೂ ಅಲ್ಲಿ ಕೂಡ ತಟ್ಟೆ ತೊಳೆದು ಕುಡಿಯುವವರು. ಅನ್ನ ಸಿಂಕಿಗೆ ಬರುವ ಮನೆ ಅಲ್ಲ ಅದು.

ತೊಟ್ಟು ಹಾಕಿ ಸ್ವಿಚ್ ಒತ್ತಿದೆ. ಖಾರ ಕುಟ್ಟುವ ಗಿರಣಿಯ ಸದ್ದು ಬಂತು, ಆಮೇಲೆ ಇಳಿಯಿತು. ತೂತಿನಲ್ಲಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ತಿನ್ನುತ್ತದೆ, ಹಾಲು ಕೊಡುವುದಿಲ್ಲ, ಸಗಣಿ ಹಾಕುವುದಿಲ್ಲ. ಆ ದೇಶದವರು ದನದಲ್ಲಿ ಕೂಡ ತಮಗೆ ಬೇಡದ್ದನ್ನು ತೆಗೆದುಹಾಕಿದ್ದಾರೆ ಅಂದುಕೊಂಡೆ. ಆದರೆ ಬೇಕಾದದ್ದು ಕೂಡ ಜೊತೆಗೆ ಹೋಗಿದೆ.

ಒಂದೊಂದು ಸಿಪ್ಪೆಗೆ ಒಂದೊಂದು ಸಲ ನೀರು ಬಿಟ್ಟು ಸ್ವಿಚ್ ಹಾಕುವುದು ನನಗೆ ಸರಿಬರಲಿಲ್ಲ. ಎಮ್ಮೆಗೆ ಯಾರೂ ಒಂದೊಂದೇ ಸಿಪ್ಪೆ ಒಯ್ದು ತಿನ್ನಿಸುವುದಿಲ್ಲ. ಒಂದು ಪ್ಲಾಸ್ಟಿಕ್ ಬಕೀಟು ಸಿಕ್ಕಿತು. ಸಿಂಕಿನ ಪಕ್ಕ ಇಟ್ಟುಕೊಂಡೆ. ಮುಂಜಾನೆಯಿಂದ ಬಿದ್ದದ್ದನ್ನು ಅದರಲ್ಲಿ ಕೂಡಿಸಿ, ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ಸಂಜೆ ಒಮ್ಮೆಲೇ ಹಾಕುತ್ತಿದ್ದೆ. ಮೂರು ಜನರ ಸಿಪ್ಪೆ, ಎಷ್ಟಾಗುತ್ತದೆ. ಗಿರಣಿ ತಿಂದು ಸುಮ್ಮನಾಗುತ್ತಿತ್ತು. ಇದಕ್ಕೂ ರೂಢಿಯಾಯಿತು ಎಂದು ತಿಳಿದೆ.

ಉಳಿದ ಹೊತ್ತಿನಲ್ಲಿ ಮಲ್ಲಪ್ಪ ತನ್ನ ಬಸ್ಸಿನಲ್ಲಿ ಕೂರಿಸಿ ಊರು ತೋರಿಸಿದ. ಅಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಸಣ್ಣ ಹುಡುಗರೂ ಹೇಳುತ್ತಾರೆ. ನಮ್ಮ ಕಡೆ ಪೋತ್ನಾಳದ ಜನ ಇಳಿಯುವಾಗ ಡ್ರೈವರಿಗೆ ಹೇಳುವುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ನಾಯಿ ಹೇತರೆ ಒಡೆಯನೇ ಬಗ್ಗಿ ಚೀಲಕ್ಕೆ ತುಂಬಿ, ಗಂಟು ಹಾಕಿ, ಕೈಯಲ್ಲಿ ಹಿಡಿದು ನಡೆಯುತ್ತಾನೆ. ನಾಯಿ ಮುಂದೆ, ಇವನು ಹಿಂದೆ. ಯಾರು ಯಾರನ್ನು ಸಾಕಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ.

ಕುಬಸದ ದಿನ

ಬಸುರಿಗೆ ಕುಬಸ ಮಾಡದೆ ಬಿಟ್ಟರೆ ದೇವದುರ್ಗದಲ್ಲಿ ಶಾಂತಾ ಸುಮ್ಮನಿರುವುದಿಲ್ಲ. ಒಂದು ಶನಿವಾರ ಮಾಡಿದೆವು. ಆ ಊರಿನ ಕನ್ನಡದವರು, ಸುಜಾತಾಳ ಜೊತೆ ಕೆಲಸ ಮಾಡುವವರು, ಮನೆ ತುಂಬ ಜನ. ಹಸಿರು ಬಳೆ ಇಡಿಸಿ, ಅಕ್ಕಿ, ಅಡಿಕೆ, ಅರಿಶಿನ ಕೊಂಬು, ಉತ್ತತ್ತಿ ಹಾಕಿ ಉಡಿ ತುಂಬಿದೆವು. ಎಲ್ಲವೂ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕವು. ಹೋಳಿಗೆ, ಕಟ್ಟಿನ ಸಾರು, ಎಣಗಾಯಿ, ರೊಟ್ಟಿ, ಅನ್ನ ಮಾಡಿದ್ದೆ. ಜೋನ್‌ಳನ್ನು ಕರೆದಿದ್ದರು, ಅವಳು ಆ ದಿನ ಬೇರೆ ಊರಿಗೆ ಹೋಗಿದ್ದಳು.

ಉಂಡರು, ಹೊಗಳಿದರು. ಆದರೆ ತಟ್ಟೆಯಲ್ಲಿ ಬಿಟ್ಟರು. ಅರ್ಧ ಹೋಳಿಗೆ ಬಿಟ್ಟವರು, ಅನ್ನ ಕಲಸಿ ಬಿಟ್ಟವರು. ಒಬ್ಬಾಕೆ ತಟ್ಟೆಯ ತುಂಬ ಅನ್ನ ಇಟ್ಟುಕೊಂಡೇ ಎದ್ದಳು.

“ಸಾಕ್ರೀ ಅಜ್ಜಿ, ಹೊಟ್ಟಿ ತುಂಬ್ಯಾದ.”

“ತುಂಬಿದ ಮ್ಯಾಲ ನೀಡಿಸ್ಕೊಂಡಿ ಯಾಕವ್ವಾ?”

“ನೀವು ಭಾರಿ ಮಸ್ಕಿರಿ ಮಾಡ್ತೀರಿ ಬಿಡ್ರಿ” ಎಂದು ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

ಅವರೆಲ್ಲ ಹೋದ ಮೇಲೆ ಸುಜಾತಾ ಮಲಗಿದಳು, ಮಲ್ಲಪ್ಪ ಒಬ್ಬರನ್ನು ಬಿಟ್ಟುಬರಲು ಹೋದ. ನಾನು ತಟ್ಟೆಗಳನ್ನು ಬಕೀಟಿಗೆ ಬಳಿದೆ. ಅನ್ನ, ಹೋಳಿಗೆ, ಹೂರಣ, ಉಳ್ಳಾಗಡ್ಡಿ ಸಿಪ್ಪೆ, ಮೆಂತ್ಯದ ಕಡ್ಡಿ. ಉಡಿ ತುಂಬಿದ ಜಾಗ ಗುಡಿಸಿ ಆ ಅಕ್ಕಿಯನ್ನೂ ಅದಕ್ಕೇ ಹಾಕಿದೆ. ಬಕೀಟು ತುಂಬಿತು. ಮೇಲೆ ಗಂಜಿ ಸುರಿದೆ. ಮಾನ್ವಿಯಲ್ಲಿ ಇದ್ದಿದ್ದರೆ ಎಮ್ಮೆಗೆ ಹಬ್ಬ.

ನೀರು ಬಿಟ್ಟೆ. ಸ್ವಿಚ್ ಹಾಕಿದೆ. ಬಕೀಟು ಎತ್ತಿ ಬಗ್ಗಿಸಿದೆ.

ಮೊದಲು ತಿಂದಿತು. ಆಮೇಲೆ ಕಟಕಟ ಅಂದಿತು. ಆಮೇಲೆ ಗೊಂಯ್ ಎಂದು ಒಂದೇ ರಾಗ ಹಿಡಿದು ನಿಂತುಬಿಟ್ಟಿತು. ಸಿಂಕು ತುಂಬಿತು. ಬಕೀಟಿನಲ್ಲಿ ಇನ್ನೂ ಅರ್ಧ ಇತ್ತು.

ಎಮ್ಮೆಯ ಹೊಟ್ಟೆ ಉಬ್ಬಿದರೆ ಏನು ಕುಡಿಸಬೇಕು ಎಂದು ನನಗೆ ಗೊತ್ತು. ಇದಕ್ಕೆ ಗೊತ್ತಿರಲಿಲ್ಲ. ಸ್ವಿಚ್ ತೆಗೆದು, ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಸುರಿದೆ. ಸಟ್ಟುಗದಿಂದ ಕೆದಕಿದೆ. ಮೆಲ್ಲಗೆ ಇಳಿಯಿತು. ಸಮಾಧಾನ ಆಯಿತು. ಇಳಿದದ್ದು ಎಲ್ಲಿಗೆ ಹೋಯಿತು ಎಂದು ಸ್ವಲ್ಪ ಹೊತ್ತಿಗೇ ತಿಳಿಯಿತು.

ಬಾಗಿಲು ಬಡಿದ ಸದ್ದು. ಮಲ್ಲಪ್ಪ ಆಗ ತಾನೇ ಮೆಟ್ಟಿಲು ಹತ್ತಿ ಬಂದಿದ್ದ, ಅವನ ಹಿಂದೆಯೇ ಜೋನ್. ಊರಿನಿಂದ ಬಂದವಳು ಕೋಟು ಕೂಡ ತೆಗೆದಿರಲಿಲ್ಲ. ಕೈಯಲ್ಲಿ ಚಹಾ ಕಪ್ಪಿನ ಕೆಳಗಿಡುವ ಬಿಳಿ ಬಸಿ ಇತ್ತು. ಬಸಿಯಲ್ಲಿ ಅನ್ನದ ಅಗುಳು, ಹೂರಣ, ಮೆಂತ್ಯದ ಕಡ್ಡಿ. ಅವಳ ಸಿಂಕಿನಲ್ಲಿ ಎದ್ದು ಬಂದಿದ್ದವಂತೆ.

ಸುಜಾತಾ ಎದ್ದು ಬಂದಳು. ಜೋನ್ ಕೇಳಿದಳು, ಮಲ್ಲಪ್ಪ ಉತ್ತರ ಕೊಟ್ಟ. ಇಂಗ್ಲಿಷಿನಲ್ಲಿ ಮಾತಾಡಿದರು. ಮಲ್ಲಪ್ಪನ ಮುಖ ನೋಡಿದರೆ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿಯುತ್ತಿತ್ತು. ಸಣ್ಣವನಿದ್ದಾಗ ನಮ್ಮ ಮನೆಯ ಬೆಲ್ಲ ಕದ್ದಾಗಲೂ ಅವನಿಗೆ ಅದೇ ಮುಖ. ಜೋನ್ ಸ್ವಲ್ಪ ಹೊತ್ತು ಅಡುಗೆಮನೆಯನ್ನೆಲ್ಲ ನೋಡಿದಳು. ಏನೋ ಹೇಳಿ, ಬಸಿ ಹಿಡಿದುಕೊಂಡೇ ಇಳಿದುಹೋದಳು.

“ಏನಂದ್ಯೋ?” ಎಂದು ಕೇಳಿದೆ.

“ಮಷಿನ್ ಹಳೇದಾಗ್ಯಾದ, ತಾನಾ ಕೆಟ್ಟೋತು ಅಂದೆ.”

“ಆಕಿ ಏನಂದ್ಲು?”

ಅವನು ಬಾಗಿಲು ಹಾಕಲು ಹೋದ. ಸುಜಾತಾ ಹೇಳಿದಳು.

“ಅಷ್ಟು ಹಳೇದಾಗಿದ್ರ ಅಡಿಗಿಮನಿ ಪೂರಾ ಕಿತ್ತಿ ಹೊಸಾದು ಮಾಡಿಸ್ತೀನಿ, ಪೈಪೂ ಬದ್ಲಿ ಮಾಡಿಸ್ತೀನಿ ಅಂದ್ಲು. ಹ್ಯಾಂಗೂ ಕರಾರು ಮುಗೀತದ, ತಿಂಗಳ ಕೊನಿಗಿ ಮನಿ ಬಿಡ್ರಿ ಅಂದ್ಲು.”

ಯಾರೂ ಕೂಗಾಡಲಿಲ್ಲ. ಸುಜಾತಾ ಕೂತು ಫೋನಿನಲ್ಲಿ ಮನೆ ಹುಡುಕಲು ಶುರುಮಾಡಿದಳು. ಒಂದು ಕೈ ಫೋನಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಕೂಸು ಇರುವವರಿಗೆ ಮನೆ ಕೊಡಲು ಕೆಲವರು ಹಿಂದೆ ಮುಂದೆ ನೋಡುತ್ತಾರಂತೆ. ಕೂಸು ಇನ್ನೂ ಬಂದಿಲ್ಲ, ಆಗಲೇ ಅದಕ್ಕೆ ಮನೆ ಇಲ್ಲ.

ಕೆಳಗಿನ ಮನೆ

ಮರುದಿನ ಮುಂಜಾನೆ ಮಲ್ಲಪ್ಪ ಬೂಟು ಹಾಕಿಕೊಳ್ಳುತ್ತಿದ್ದ.

“ಹೋಗಿ ಖರೇ ಹೇಳು” ಅಂದೆ.

“ಹೇಳಿದ್ರ ಇನ್ನಾ ಕೆಡ್ತದ ಅಜ್ಜಿ. ಮಷಿನ್ ಕೆಡಿಸ್ಯಾರ, ಮ್ಯಾಲ ಸುಳ್ಳು ಹೇಳ್ಯಾರ ಅಂತಾಳ. ಹೊರಗ ಹಾಕ್ತಾಳ.”

“ಈಗೇನು ಒಳಗ ಇಟ್ಕೊಂಡಾಳಾ?”

“ನೀವು ಸುಮ್ನಿರ್ರಿ ಅಜ್ಜಿ. ನಿಮಗ ತಿಳಿಯಂಗಿಲ್ಲ.”

“ಸುಳ್ಳು ಹೇಳೋದು ನಿನಗೂ ತಿಳಿಯಂಗಿಲ್ಲ ಬಿಡು.”

ಅವನು ಡ್ಯೂಟಿಗೆ ಹೋದ. ಸುಜಾತಾ ಮಲಗಿದ್ದಳು. ಉಳಿದ ಅರ್ಧ ಬಕೀಟು ಮುಸುರಿ ಹಿಂದಿನ ಜಗಲಿಯಲ್ಲಿತ್ತು, ಆಗಲೇ ಹುಳಿ ವಾಸನೆ ಹಿಡಿದಿತ್ತು. ಎತ್ತಿಕೊಂಡು ಮೆಟ್ಟಿಲು ಇಳಿದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಹೆದರಿಕೆ ಇರಲಿಲ್ಲ. ಬಕೀಟು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಜೋನ್ ಬಾಗಿಲು ತೆಗೆದಳು. ಅವಳ ಅಡುಗೆಮನೆಯ ನೆಲದ ಮೇಲೆ ಹಳೆಯ ಟವೆಲ್ಲುಗಳು ಹಾಸಿದ್ದವು. ಬಕೀಟನ್ನು ಅವಳ ಮುಂದೆ ಇಟ್ಟೆ. ಮೇಲೆ ಕೈ ತೋರಿಸಿದೆ. ಬಕೀಟು ಎತ್ತಿ ಬಗ್ಗಿಸುವ ಹಾಗೆ ಮಾಡಿದೆ. ಗೊಂಯ್ ಅಂದೆ. ಆಮೇಲೆ ಬೆರಳಿನಿಂದ ನನ್ನ ಎದೆ ಮುಟ್ಟಿ ತೋರಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಬಕೀಟಿನಲ್ಲಿ ಬಗ್ಗಿ ನೋಡಿದಳು. ಮೂಗು ಮುಚ್ಚಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಕೆದಕಿದಳು. ನಾನು ಓಣಿಯ ಐದಾರು ಮನೆಯ ಬಕೀಟು ನೋಡುವ ಹಾಗೆಯೇ ನೋಡಿದಳು. ಬಕೀಟಿನ ಅಂಚಿನವರೆಗೆ ಬೆರಳು ಎತ್ತಿ, ತುಂಬ ಇತ್ತೇ ಎಂದು ಕಣ್ಣಿನಲ್ಲೇ ಕೇಳಿದಳು. ತುಂಬ ಇತ್ತು ಎಂದು ತಲೆ ಆಡಿಸಿದೆ. ಅವಳು ಕಡ್ಡಿ ಇಟ್ಟಳು. ಒಳಗೆ ಹೋಗಿ ಒಂದು ಚಿಮಟ, ಒಂದು ಬ್ಯಾಟರಿ, ಸುರುಳಿ ಸುತ್ತಿದ ಉದ್ದ ತಂತಿ ತಂದಳು. ಮೆಟ್ಟಿಲಿನ ಕಡೆ ಕೈ ತೋರಿಸಿದಳು. ನಾನು ಮುಂದೆ, ಅವಳು ಹಿಂದೆ.

ಸಿಂಕಿನ ಮುಂದೆ

ನಮ್ಮ ಸದ್ದಿಗೆ ಸುಜಾತಾ ಎದ್ದು ಬಂದು, ಜೋನ್‌ಳನ್ನೂ ನನ್ನನ್ನೂ ಬಕೀಟನ್ನೂ ನೋಡಿ, ಗೋಡೆ ಹಿಡಿದು ನಿಂತಳು.

“ಅಜ್ಜಿ, ಏನು ಮಾಡಿದಿ ಬೇ?”

“ಖರೇ ಹೇಳಿದೆ.”

“ಯಾವ ಭಾಷಾದಾಗ?”

“ಬಕೀಟಿಂದ.”

ಸಿಂಕಿನಲ್ಲಿ ಹಾದಿ ತೆರವಾಗಿದೆಯೋ ಇಲ್ಲವೋ ನೋಡಲು ನಾನು ಕೈ ಹಾಕಹೋದೆ. ಜೋನ್ ನನ್ನ ಕೈಗೆ ಫಟ್ಟನೆ ಹೊಡೆದಳು. ನನ್ನ ಅತ್ತೆ ಸತ್ತ ಮೇಲೆ ಯಾರೂ ನನ್ನ ಕೈಗೆ ಹೊಡೆದಿರಲಿಲ್ಲ. ಅವಳು ಹೋಗಿ ಕರೆಂಟಿನ ಡಬ್ಬಿ ತೆಗೆದು ಅಡುಗೆಮನೆಯ ಕರೆಂಟನ್ನೇ ಆರಿಸಿ ಬಂದಳು. ಗೋಡೆಯ ಸ್ವಿಚ್ ಆರಿದ್ದರೆ ಸಾಲದು, ಯಾರಾದರೂ ಬಂದು ಒತ್ತಿಬಿಡುತ್ತಾರೆ ಎಂದು ಸುಜಾತಾಳ ಬಾಯಲ್ಲಿ ಹೇಳಿಸಿದಳು. ಹಾಗಿದ್ದರೂ ಕೈ ಹಾಕಲು ಬಿಡಲಿಲ್ಲ. ಬ್ಯಾಟರಿ ನನಗೆ ಹಿಡಿಯಲು ಕೊಟ್ಟು, ಚಿಮಟವನ್ನು ತೂತಿನಲ್ಲಿ ಇಳಿಸಿದಳು.

ಮೊದಲು ಮೆಂತ್ಯದ ಕಡ್ಡಿ ಜಡೆಯ ಹಾಗೆ ಸುತ್ತಿಕೊಂಡು ಬಂತು. ಆಮೇಲೆ ಉಳ್ಳಾಗಡ್ಡಿ ಸಿಪ್ಪೆ. ಕೊನೆಗೆ ಒಂದು ಅಡಿಕೆ. ಇಡೀ ಅಡಿಕೆ, ಉಡಿಯಿಂದ ಬಿದ್ದದ್ದು. ನಾನು ಅಕ್ಕಿಯ ಜೊತೆ ಗುಡಿಸಿ ಹಾಕಿದ್ದೆ. ಗಿರಣಿ ಅದನ್ನು ಕಡಿಯಲು ನೋಡಿ, ಆಗದೆ, ಹಲ್ಲು ಕಚ್ಚಿ ನಿಂತಿತ್ತು. ಜೋನ್ ಅದನ್ನು ತೊಳೆದು ಬೆಳಕಿಗೆ ಹಿಡಿದಳು.

“ಇದೇನು ಅಂತ ಕೇಳಾಕತ್ತಾಳ ಅಜ್ಜಿ.”

“ಊಟ ಆದ ಮ್ಯಾಲ ಜಗೀತೀವಿ ಅಂತ ಹೇಳು.”

ಸುಜಾತಾ ಹೇಳಿದಳು. ಜೋನ್ ಅಡಿಕೆಯನ್ನು ಸಿಂಕಿನ ಅಂಚಿಗೆ ಬಡಿದು ನೋಡಿದಳು. ಏನೋ ಅಂದಳು.

“ನಿನ್ನ ಹಲ್ಲು ನೋಡಬೇಕಂತ.”

ಬಾಯಿ ತೆರೆದು ತೋರಿಸಿದೆ. ನಾಲ್ಕಾರು ಇವೆ. ನೋಡಿ ತಲೆ ಆಡಿಸಿದಳು.

ಆಮೇಲೆ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಮೊಣಕಾಲು ಹಿಡಿದು, ನರಳಿಕೊಂಡು ಕೂತಳು. ನಾನೂ ಕೂತೆ. ಗಿರಣಿ ಅಲ್ಲಿ ನೀರಿನ ಕೊಡದ ಹಾಗೆ ತೂಗಾಡುತ್ತಿತ್ತು. ಅದರ ಅಡಿಯಲ್ಲಿ ಒಂದು ಸಣ್ಣ ಕುಳಿ. ಪೈಪಿಗೆ ಕಟ್ಟಿದ್ದ ಬಾಗಿದ ಕೀಲಿಯನ್ನು ಬಿಚ್ಚಿ ಆ ಕುಳಿಯಲ್ಲಿ ಸಿಕ್ಕಿಸಿ, ಅತ್ತ ಇತ್ತ ತಿರುಗಿಸಿದಳು. ಬೀಸುವ ಕಲ್ಲು ಹಿಡಿದುಕೊಂಡಾಗ ನಾವು ಗೂಟ ಹಿಡಿದು ಹಿಂದೆ ಮುಂದೆ ಆಡಿಸುವ ಹಾಗೆ. ಅವಳ ಕೈ ಸೋತಿತು, ನಾನು ಹಿಡಿದೆ. ಹಿಂಡುವವಳ ಕೈ, ಇನ್ನೂ ಬಿಗಿ ಇದೆ. ಎರಡು ಸಲ ಆಡಿಸಿದೆ, ಬಿಟ್ಟುಕೊಂಡಿತು.

ಬಾಗಿದ ಪೈಪನ್ನು ಬಕೀಟಿನ ಮೇಲೆ ಬಿಚ್ಚಿದೆವು. ಅನ್ನ, ಹೂರಣ ಸೇರಿ ಅಂಟು ಆಗಿತ್ತು. ಅನ್ನ ಹಾಕಲೇಬಾರದಂತೆ, ಪೈಪಿನಲ್ಲಿ ಉಬ್ಬಿ ಕೂರುತ್ತದಂತೆ. ನಾರು ಇರುವುದನ್ನೂ ಹಾಕಬಾರದು. ಹಾಕುವುದನ್ನು ಹಿಡಿ ಹಿಡಿಯಾಗಿ ಹಾಕಬೇಕು. ಹೊರಗೆ ಗೋಡೆಯ ಹತ್ತಿರ ಪೈಪಿಗೆ ಒಂದು ಮುಚ್ಚಳ ಇತ್ತು. ಅದನ್ನು ತೆಗೆದು ಸುರುಳಿ ತಂತಿ ತಳ್ಳಿದೆವು. ನಾನು ತಳ್ಳುವುದು, ಅವಳು ತಿರುಗಿಸುವುದು. ಒಳಗೆ ಏನೋ ಬಿಟ್ಟ ಸದ್ದಾಯಿತು. ಕೆಳಗಿನ ಸಿಂಕಿನ ನೀರು ಗುಳುಗುಳು ಎಂದು ಇಳಿಯಿತು.

ಕೈ ತೊಳೆಯುವಾಗ ಜೋನ್ ಒಂದು ಮಾತು ಕೇಳಿದಳು.

“ಒಂದು ಬಕೀಟು ಒಮ್ಮಿಗೇ ಯಾಕ ಹಾಕಿದ್ಲು ಅಂತ ಕೇಳಾಕತ್ತಾಳ.”

“ಎಮ್ಮಿಗಿ ಹಂಗಾ ಹಾಕ್ತೀವಿ ಅಂತ ಹೇಳು.”

ಸುಜಾತಾ ಟವೆಲ್ಲು ಹುಡುಕುವ ಹಾಗೆ ಮಾಡಿದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಹೇಳಿದಳು. ಜೋನ್ ಬಕೀಟಿನ ಕಡೆ ನೋಡಿ ಬಹಳ ಹೊತ್ತು ಮಾತಾಡಿದಳು.

“ಅವರಪ್ಪ ಹಂದಿ ಸಾಕಿದ್ನಂತ ಅಜ್ಜಿ. ಹಿತ್ತಲ ಬಾಗಲದಾಗ ಇಂಥಾದಾ ಬಕೀಟು ಇರ್ತಿತ್ತಂತ. ಸಣ್ಣಾಕಿ ಇದ್ದಾಗ ಆಕಿನಾ ಒಯ್ದು ಹಾಕ್ತಿದ್ಲಂತ.”

“ಹಂದಿ ಬ್ಯಾರೆ, ಎಮ್ಮಿ ಬ್ಯಾರೆ ಅಂತ ಹೇಳು.”

“ಅದನ್ನ ನಾ ಹೇಳಂಗಿಲ್ಲ.”

ಅಷ್ಟರಲ್ಲಿ ಮಲ್ಲಪ್ಪ ಡ್ಯೂಟಿ ಮುಗಿಸಿ ಬಂದ. ಯೂನಿಫಾರ್ಮಿನಲ್ಲೇ ಬಾಗಿಲಲ್ಲಿ ನಿಂತ. ನೆಲದ ಮೇಲೆ ಬಕೀಟು, ತಂತಿ, ಚಿಮಟ ನೋಡಿದ. ಮತ್ತೆ ಆ ಬೆಲ್ಲದ ಮುಖ ಮಾಡಿದ. ಜೋನ್ ಅವನನ್ನು ದಾಟಿ ಹೋಗಿ ಕರೆಂಟು ಹಾಕಿ ಬಂದು, ಗಿರಣಿಯ ಅಡಿಯ ಕೆಂಪು ಗುಂಡಿ ಒತ್ತಿದಳು. ತಣ್ಣೀರು ಬಿಟ್ಟಳು. ಸ್ವಿಚ್ ತೋರಿಸಿ ನನಗೆ ಒತ್ತು ಅಂದಳು.

ಒತ್ತಿದೆ. ತಿರುಗಿತು.

ಫ್ರಿಜ್ಜಿನಿಂದ ಐಸಿನ ತುಂಡು ತೆಗೆದು ಹಾಕಿದಳು, ಗೋಡೆಗೆ ಅಂಟಿದ್ದು ಬಿಡುತ್ತದಂತೆ. ಒಂದು ನಿಂಬೆಹಣ್ಣು ಸಣ್ಣಗೆ ಹೆಚ್ಚಿ ಸಿಪ್ಪೆ ಸಮೇತ ಹಾಕಿದಳು. ಹುಳಿ ವಾಸನೆ ಹೋಯಿತು. ಸದ್ದು ಹಗುರಾಗುವವರೆಗೆ ಕಾದು, ಸ್ವಿಚ್ ತೆಗೆದು, ನೀರನ್ನು ಇನ್ನೂ ಸ್ವಲ್ಪ ಹರಿಯಬಿಟ್ಟಳು. ಆಮೇಲೆ ಕೈ ಒರೆಸಿಕೊಂಡು ಮಲ್ಲಪ್ಪನ ಕಡೆ ತಿರುಗಿ ನಾಲ್ಕು ಮಾತು ಹೇಳಿದಳು. ಅವನು ಕೆಳಗೆ ನೋಡಿ ಸಾರಿ ಅಂದ. ಅದು ನನಗೂ ತಿಳಿಯಿತು. ಅವಳು ಇನ್ನೊಂದು ಮಾತು ಹೇಳಿದಳು. ಸುಜಾತಾ ಬಾಯಿಗೆ ಸೆರಗು ಹಿಡಿದ ಹಾಗೆ ಕೈ ಹಿಡಿದಳು.

“ಏನಂದ್ಲು?”

“ಏನಿಲ್ಲ ಬಿಡು ಅಜ್ಜಿ.”

“ಮನಿ ಬಿಡ್ರಿ ಅಂದ್ಲೇನು?”

“ಇಲ್ಲ. ಮಷಿನ್ ಗಟ್ಟಿ ಅದ, ಅಡಿಗಿಮನಿ ಕೀಳಾಕ ಏನೂ ಗರಜಿಲ್ಲ, ಇನ್ನೊಂದು ವರ್ಷ ಇರ್ರಿ ಅಂದ್ಲು.”

“ಮತ್ತ ಕೊನಿಗಿ ಅಂದಿದ್ದು?”

ಸುಜಾತಾ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ನೋಡಿದ.

“ಮಷಿನಿನ ಚಿಂತಿ ಬ್ಯಾಡ, ಮುದುಕಿ ಮ್ಯಾಲ ಒಂದು ಕಣ್ಣಿಡ್ರಿ ಅಂದ್ಲು.”

“ಆಕಿ ವಯಸ್ಸೆಷ್ಟು ಕೇಳು.”

“ಅಜ್ಜಿ, ಇಲ್ಲಿ ಹಂಗ ಕೇಳಬಾರ್ದು.”

“ಕೇಳು.”

ಕೇಳಿದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು.

“ಹಂಗಾದ್ರ ಅನ್ನಲಿ. ದೊಡ್ಡಾಕಿ ಅದಾಳ” ಅಂದೆ.

ಇದನ್ನು ಮಲ್ಲಪ್ಪ ಇಂಗ್ಲಿಷಿನಲ್ಲಿ ಹೇಳಿದ. ಸರಿಯಾಗಿ ಹೇಳಿದನೋ ಇಲ್ಲವೋ ಗೊತ್ತಿಲ್ಲ. ಜೋನ್ ತಲೆ ಆಡಿಸಿ, ತಂತಿ ಸುತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಸುಜಾತಾ ಕೂತು ಫೋನಿನಲ್ಲಿ ಗುರುತು ಮಾಡಿಟ್ಟಿದ್ದ ಬೇರೆ ಮನೆಗಳನ್ನು ಒಂದೊಂದಾಗಿ ಅಳಿಸಿದಳು.

ಆ ತಿಂಗಳು ಮುಗಿಯಿತು, ಮುಂದಿನ ತಿಂಗಳು ಹತ್ತಿತು. ಕೂಸು ಆ ಮನೆಗೇ ಬಂತು. ಹೆಣ್ಣು ಕೂಸು.